ಕಿವಿಗೆ ಅಡ್ಡ ಬಾರದ ಕನ್ನಡಕ

ಆಷಾಢದ ಬೆಳಗು, ಎಂಟೂವರೆ ಗಂಟೆ. ರಾತ್ರಿಯಿಡೀ ಹೊಯ್ದ ಮಳೆ ಈಗ ಜಿಟಿಜಿಟಿಗೆ ಇಳಿದಿದೆ. ಶಿವಮೊಗ್ಗದ ನವುಲೆಯ ನಮ್ಮ ಅಡ್ಡರಸ್ತೆಯ ಕಾಂಕ್ರೀಟಿನ ಮೇಲೆ ಕೆಂಪು ನೀರು ತೆಳ್ಳಗೆ ಹರಿಯುತ್ತಿದೆ. ಎದುರು ಮನೆಯ ಹುಡುಗಿ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಳೆ. ಸಾಗರದ ಕಡೆಯವಳು. ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಹುಟ್ಟಿದಾಗಿನಿಂದ ಕಣ್ಣು ಕಾಣಿಸುವುದಿಲ್ಲ. ಎದ್ದು ನಿಂತು ಬಲಗೈಗೆ ಬಿಳಿಕೋಲು ತೆಗೆದುಕೊಳ್ಳುತ್ತಾಳೆ, ಎಡಗೈಯಲ್ಲಿ ಕೊಡೆ ಬಿಚ್ಚುತ್ತಾಳೆ. ಅಲ್ಲಿಗೆ ಎರಡೂ ಕೈ ತುಂಬಿದವು. ಫೋನ್ ಹಿಡಿಯಲು ಇನ್ನು ಕೈ ಉಳಿದಿಲ್ಲ.

ಮಳೆಗಾಲದಲ್ಲಿ ನಮ್ಮೂರಲ್ಲಿ ಕೊಡೆಯಿಲ್ಲದೆ ಹೊರಗೆ ಕಾಲಿಡುವ ಹಾಗಿಲ್ಲ. ಅವಳಿಗೆ ಕೋಲಿಲ್ಲದೆ ಯಾವ ಕಾಲದಲ್ಲೂ ಇಡುವ ಹಾಗಿಲ್ಲ. ಬೋರ್ಡು ಓದಿ ಹೇಳುವ, ಎದುರಿಗೆ ಏನಿದೆಯೆಂದು ತಿಳಿಸುವ ಆ್ಯಪ್‌ಗಳು ಅವಳ ಫೋನಿನಲ್ಲಿ ಬಹಳ ದಿನದಿಂದ ಇವೆ. ಫೋನನ್ನು ಎತ್ತಿ, ಸರಿಯಾದ ಕಡೆಗೆ ತಿರುಗಿಸಿ, ಅಲ್ಲಾಡದಂತೆ ಹಿಡಿದರೆ ಮಾತ್ರ ಅವು ಕೆಲಸಕ್ಕೆ ಬರುತ್ತವೆ. ಹಾಗೆ ಹಿಡಿಯುವ ಕೆಲಸವನ್ನು ಈಗ ಅವಳ ಮೂಗಿನ ಮೇಲೆ ಕೂತ ಕಪ್ಪು ಫ್ರೇಮಿನ ಕನ್ನಡಕ ವಹಿಸಿಕೊಂಡಿದೆ.

ಹತ್ತಿರ ಬಂದು ನೋಡಿ. ಕನ್ನಡಕದ ಒಂದು ಕಡ್ಡಿ ಸ್ವಲ್ಪ ದಪ್ಪ. ಅದರ ಮುಂದಿನ ತುದಿಯಲ್ಲಿ ಪುಟ್ಟ ಕ್ಯಾಮೆರಾ, ಪಕ್ಕದಲ್ಲಿ ದೂರ ಅಳೆಯುವ ಇನ್ನೊಂದು ಕಣ್ಣು. ಅದು ಬರಿಗಣ್ಣಿಗೆ ಕಾಣದ ಲೇಸರ್ ಬೆಳಕನ್ನು ಎದುರಿಗೆ ಬಿಡುತ್ತದೆ. ಬೆಳಕು ಏನಕ್ಕಾದರೂ ತಾಗಿ ಮರಳಲು ಹಿಡಿದ ಸಮಯದಿಂದ ಅಡ್ಡ ಇರುವುದು ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಕಡ್ಡಿಯ ಮೈಮೇಲೆ ಬೆರಳಿಗೆ ಸಿಗುವ ಗುಂಡಿಗಳಿವೆ. ಕಿವಿಯ ಮೇಲ್ಭಾಗಕ್ಕೆ ಸಣ್ಣ ಸ್ಪೀಕರ್. ಕಿವಿಯ ತೂತು ಮಾತ್ರ ತೆರೆದೇ ಇದೆ. ಲೆಕ್ಕಾಚಾರದ ಬಹುಪಾಲು ಅವಳ ಚೀಲದೊಳಗಿನ ಫೋನಿನಲ್ಲಿ ನಡೆಯುತ್ತದೆ.

"ಅಕ್ಕಾ, ನಿಮಗೂ ಕೇಳ್ಲಿ ಅಂತ ಫೋನಿನ ಸ್ಪೀಕರ್ ಹಾಕಿದೀನಿ. ಆದ್ರೆ ಮಧ್ಯೆ ಮಾತಾಡ್ಬೇಡಿ. ನಾನು ರಸ್ತೆ ಕೇಳಿಸ್ಕೋಬೇಕು" ಅನ್ನುತ್ತಾಳೆ.

ಗೇಟು ದಾಟುತ್ತೇವೆ. ನೀವೂ ಒಂದು ಗಳಿಗೆ ಕಣ್ಣು ಮುಚ್ಚಿ. ಮೊದಲಿಗೆ ಬರೀ ಮಳೆ ಕೇಳಿಸುತ್ತದೆ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಆ ಒಂದೇ ಮಳೆಯೊಳಗಿನ ಸದ್ದುಗಳು ಬೇರೆಬೇರೆಯಾಗುತ್ತವೆ. ಎಡಕ್ಕೆ ತಗಡಿನ ಮೇಲೆ ಪಟಪಟ ಅಂದರೆ ಕಾರ್ ಶೆಡ್ಡು. ಮುಂದೆ ಪೈಪಿನಿಂದ ಧೋ ಎಂದು ಬೀಳುತ್ತಿರುವುದು ಮೂಲೆಮನೆಯ ತಾರಸಿ ನೀರು. ಅಲ್ಲಿಂದ ಬಲಕ್ಕೆ ತಿರುಗಬೇಕು. ತೆಂಗಿನ ಗರಿಯ ಮೇಲೆ ಬೀಳುವ ಹನಿಗೂ ಬಾಳೆ ಎಲೆಯ ಮೇಲೆ ಬೀಳುವ ಹನಿಗೂ ಬೇರೆ ದನಿ. ಮುಖ್ಯರಸ್ತೆ ಹತ್ತಿರವಾದಂತೆ ಟೈರುಗಳು ನೀರು ಸೀಳುವ ಶಬ್ದ ಎತ್ತರವಾಗುತ್ತದೆ. ಅವಳು ನಡೆಯುತ್ತಿರುವುದು ಈ ನಕ್ಷೆಯ ಮೇಲೆ.

ಅದರ ಮೇಲೆ ಕನ್ನಡಕದ ದನಿ ಬಂದು ಕೂರುತ್ತದೆ. "ಕಾರು. ಗೇಟು. ಗಿಡ. ವ್ಯಕ್ತಿ. ಗಿಡ." ಏರಿಳಿತವಿಲ್ಲದ, ಅವಸರದ ದನಿ. ಎರಡನೆಯ "ಗಿಡ" ಮುಗಿಯುವಷ್ಟರಲ್ಲಿ ಹಿಂದಿನಿಂದ ಬಂದ ಬ್ಯಾಟರಿ ಸ್ಕೂಟರೊಂದು ಅವಳ ಮೊಣಕೈ ಸವರುವಷ್ಟು ಹತ್ತಿರದಲ್ಲಿ ದಾಟಿಹೋಗುತ್ತದೆ. ಮೊದಲೇ ಅದಕ್ಕೆ ಎಂಜಿನ್ ಸದ್ದಿಲ್ಲ. ನೀರಿನಲ್ಲಿ ಉರುಳುವ ಚಕ್ರದ ಸಣ್ಣ ಸದ್ದೊಂದೇ ಸುಳಿವು. ಆ ಸುಳಿವಿನ ಮೇಲೆಯೇ ಯಂತ್ರ ಗಿಡದ ಹೆಸರು ಹೇಳುತ್ತಿತ್ತು.

ಅವಳು ನಿಲ್ಲುತ್ತಾಳೆ. ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಕಡ್ಡಿಯ ಗುಂಡಿ ಒತ್ತಿ, ಹೆಸರು ಹೇಳುವುದನ್ನು ನಿಲ್ಲಿಸುತ್ತಾಳೆ. "ಗಿಡ ಇರೋದು ನಂಗೆ ಗೊತ್ತು ಮಾರಾಯ್ತಿ" ಎಂದು ಕನ್ನಡಕಕ್ಕೆ ಹೇಳುತ್ತಾಳೆ.

ಕಣ್ಣಿದ್ದವರಿಗೆ ಇಂಥ ಕನ್ನಡಕ ಕೊಡುವ ಹೆಚ್ಚಿನ ಮಾಹಿತಿ ಅಂದರೆ ನೋಟದ ಮೂಲೆಯಲ್ಲಿ ಮೂಡುವ ಇನ್ನೊಂದು ಸಾಲು. ಬೇಡವಾದರೆ ಅದರ ಕಡೆ ನೋಡದೆ ಇರಬಹುದು. ಕಿವಿಗೆ ರೆಪ್ಪೆಯಿಲ್ಲ. ಯಂತ್ರ ಆಡುವ ಒಂದೊಂದು ಮಾತೂ ರಸ್ತೆಯ ಯಾವುದೋ ಒಂದು ಸದ್ದನ್ನು ಮುಚ್ಚಿಹಾಕುತ್ತದೆ. ಎಷ್ಟು ವಸ್ತುಗಳನ್ನು ಗುರುತಿಸಬಲ್ಲದು ಎಂಬ ದೊಡ್ಡ ಸಂಖ್ಯೆಯನ್ನು ಜಾಹೀರಾತುಗಳು ಹೆಮ್ಮೆಯಿಂದ ಹೇಳುತ್ತವೆ. ಅವುಗಳಲ್ಲಿ ಎಷ್ಟನ್ನು ಹೇಳದೆ ಬಿಡಬಲ್ಲದು ಎಂಬುದು ಅವಳಿಗೆ ಬೇಕಾದ ಲೆಕ್ಕ.

ಇನ್ನು ಹತ್ತು ಹೆಜ್ಜೆ. ಸೀಬೆಮರದ ಕೊಂಬೆಯೊಂದು ಮಳೆಯ ಭಾರಕ್ಕೆ ಕಾಂಪೌಂಡಿನಿಂದ ಹೊರಗೆ ಬಾಗಿದೆ. ಎತ್ತರ ಸರಿಯಾಗಿ ಅವಳ ಹಣೆಯ ಮಟ್ಟ. ಕೋಲು ಕೆಳಗೆ ನೆಲ ತಡಕುತ್ತಾ ಕೊಂಬೆಯಡಿ ಸಲೀಸಾಗಿ ಹಾದುಹೋಗಿದೆ. ಆಗ ಕನ್ನಡಕ ಮಾತಿಲ್ಲದೆ ಎರಡು ಸಲ ಟಿಕ್ ಟಿಕ್ ಎನ್ನುತ್ತದೆ. ಅವಳು ಕೊಡೆ ಮುಂದಕ್ಕೆ ವಾಲಿಸಿ, ತಲೆ ತಗ್ಗಿಸಿ, ದಾಟುತ್ತಾಳೆ. ಕೊಂಬೆಯಿಂದ ಸುರಿದ ಹನಿಗಳೆಲ್ಲ ಕೊಡೆಯ ಮೇಲೆ.

"ಇದಕ್ಕಾಗಿಯೇ ಹಾಕ್ಕೊಳ್ಳೋದು ಅಕ್ಕಾ."

ಬಿಳಿಕೋಲಿಗೆ ಸೊಂಟದಿಂದ ಕೆಳಗಿನ ಲೋಕ ಚೆನ್ನಾಗಿ ಗೊತ್ತು. ಗುಂಡಿ, ಮೆಟ್ಟಿಲು, ಕಲ್ಲು, ರಸ್ತೆಯ ಅಂಚು, ಎಲ್ಲವನ್ನೂ ಅದು ಮುಟ್ಟಿ ಹೇಳುತ್ತದೆ. ಎದೆ, ಮುಖದ ಎತ್ತರದಲ್ಲಿ ಬರುವುದು ಅದಕ್ಕೆ ಸಿಗದು: ಲಾರಿಯಿಂದ ಹೊರಚಾಚಿದ ಕಬ್ಬಿಣದ ಸರಳು, ಅಂಗಡಿ ಮುಂದೆ ಇಳಿಬಿಟ್ಟ ಟಾರ್ಪಾಲಿನ ತುದಿ, ತೆರೆದಿಟ್ಟ ಕಿಟಕಿಯ ಬಾಗಿಲು. ಕನ್ನಡಕ ನೆರವಾಗುವುದು ಅಲ್ಲಿ. ಚರಂಡಿಯ ಮೇಲೆ ಒಂದು ಚಪ್ಪಡಿ ಇಲ್ಲದ ಜಾಗ ಮುಂದೆಯೇ ಬರುತ್ತದೆ. ಕೆಂಪು ನೀರು ತುಂಬಿ ನೆಲದ ಮಟ್ಟಕ್ಕೆ ನಿಂತಿದೆ. ಅಲ್ಲಿ ಕನ್ನಡಕ ಸುಮ್ಮನಿರುತ್ತದೆ. ಕೋಲಿನ ತುದಿ ಬುಳಕ್ ಎಂದು ಇಳಿದು ಎಚ್ಚರಿಸುತ್ತದೆ. ಕನ್ನಡಕ ಬಂತೆಂದು ಕೋಲು ಬಿಡುವ ಮಾತು ಅವಳ ಬಾಯಲ್ಲಿ ಒಮ್ಮೆಯೂ ಬಂದಿಲ್ಲ.

ಕಿರಾಣಿ ಅಂಗಡಿಯ ಮುಂದೆ ಕೊಡೆ ಮಡಚುತ್ತಾಳೆ. ಒಂದು ಪೆನ್ನು, ಒಂದು ಪ್ಯಾಕೆಟ್ ಬಿಸ್ಕತ್ತು. ಐನೂರರ ನೋಟು ಕೊಡುತ್ತಾಳೆ. ಅಂಗಡಿಯಾತ ಚಿಲ್ಲರೆ ಎಣಿಸಿ ಅಂಗೈಗಿಡುತ್ತಾನೆ. ಅವಳು ಒಂದೊಂದೇ ನೋಟನ್ನು ಬಿಡಿಸಿ, ಅಂಚನ್ನು ಹೆಬ್ಬೆರಳಿನಿಂದ ಸವರಿ, ಮುಖದ ಮುಂದೆ ಹಿಡಿದು ಗುಂಡಿ ಒತ್ತುತ್ತಾಳೆ.

"ಇನ್ನೂರು ರೂಪಾಯಿ."

ಆ ನೋಟನ್ನು ಅಡ್ಡಕ್ಕೆ ಒಂದು ಮಡಿಕೆ ಮಾಡಿ ಪರ್ಸಿಗಿಡುತ್ತಾಳೆ. ಮುಂದಿನದು.

"ನೂರು ರೂಪಾಯಿ." ಅದನ್ನು ಉದ್ದಕ್ಕೆ ಮಡಚುತ್ತಾಳೆ. ಮುಂದೆ ಬೆರಳಿಗೆ ಸಿಗುವುದು ಆ ಮಡಿಕೆ.

ಕೈಯಿಂದಲೇ ಯಾಕೆ ತಿಳಿಯುವುದಿಲ್ಲ ಎಂದು ನೀವು ಕೇಳಬಹುದು. 2016ರ ನೋಟು ರದ್ದತಿಯ ನಂತರ ಬಂದ ಹೊಸ ಸರಣಿಯಲ್ಲಿ ನೂರರ ನೋಟಿನ ಉದ್ದ 142 ಮಿಲಿಮೀಟರ್, ಇನ್ನೂರರದು 146, ಐನೂರರದು 150. ಮೂರರ ಅಗಲವೂ ಒಂದೇ, 66 ಮಿಲಿಮೀಟರ್. ಪಕ್ಕಪಕ್ಕದಲ್ಲಿ ಇಟ್ಟು ಅಳೆದರೆ ನಾಲ್ಕು ಮಿಲಿಮೀಟರಿನ ವ್ಯತ್ಯಾಸ ತಿಳಿದೀತು. ಒದ್ದೆ ಕೈಯಲ್ಲಿ ಒಂದೇ ನೋಟು ಹಿಡಿದಾಗ ಕಷ್ಟ. ಅಂಚಿನಲ್ಲಿ ಉಬ್ಬಿಸಿದ ಓರೆ ಗೆರೆಗಳಿವೆ, ನೂರಕ್ಕೆ ನಾಲ್ಕು, ಐನೂರಕ್ಕೆ ಐದು. ಹತ್ತಾರು ಕೈ ದಾಟಿ ಮೆತ್ತಗಾದ ನೋಟಿನಲ್ಲಿ ಅವು ಬೆರಳಿಗೆ ಹತ್ತುವುದಿಲ್ಲ. ಇದೇ ಕಾರಣಕ್ಕೆ ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ನೋಟು ಗುರುತಿಸಿ ಹೇಳುವ 'ಮನಿ' ಎಂಬ ಆ್ಯಪ್ ತಂದಿತು.

"ಸರಿ ಇದ್ಯೇನಮ್ಮ?" ಅಂಗಡಿಯಾತ ಕೇಳುತ್ತಾನೆ.

"ಸರಿ ಇದೆ ಅಣ್ಣಾ."

ಹೊರಗೆ ಬಂದ ಮೇಲೆ ಹೇಳುತ್ತಾಳೆ: "ಮೊದಲು ಅಣ್ಣನ್ನ ನಂಬಲೇಬೇಕಿತ್ತು ಅಕ್ಕಾ. ಈಗಲೂ ನಂಬ್ತೀನಿ. ಆದ್ರೆ ಈಗ ನಂಬೋದು ನನ್ನ ಇಷ್ಟ."

ಆ ಮಾತಿನಲ್ಲಿ ಈ ಇಡೀ ತಂತ್ರಜ್ಞಾನದ ಬೆಲೆ ಇದೆ ಎಂದು ನನಗನಿಸುತ್ತದೆ. ಅಂಗಡಿಯಲ್ಲಿ ಕನ್ನಡಕ ಹೇಗೆ ನಡೆದುಕೊಂಡಿತು ನೋಡಿ. ಅವಳು ಕೇಳಿದಳು, ಅದು ಎರಡು ಪದದಲ್ಲಿ ಉತ್ತರಿಸಿತು, ಸುಮ್ಮನಾಯಿತು. ಹತ್ತು ನಿಮಿಷದ ಹಿಂದೆ ರಸ್ತೆಯಲ್ಲಿ ಕೇಳದೆಯೇ ಮಾತಾಡಿ ಅವಳನ್ನು ಅಪಾಯದ ಹತ್ತಿರ ತಂದದ್ದೂ ಇದೇ ಯಂತ್ರ.

ಸವಳಂಗ ರಸ್ತೆಯ ಬಸ್ ಸ್ಟಾಪು. ಕಾಲೇಜಿನ ಹೊತ್ತು. 1980ರಲ್ಲಿ ಶುರುವಾದ ಜೆ.ಎನ್.ಎನ್. ಎಂಜಿನಿಯರಿಂಗ್ ಕಾಲೇಜಿನ ಹುಡುಗರು, ಕೃಷಿ ಕಾಲೇಜಿನವರು, ಸ್ಟೇಡಿಯಂ ಕಡೆ ಬ್ಯಾಟಿನ ಕಿಟ್ ಹೊತ್ತು ಹೊರಟ ಶಾಲಾ ಮಕ್ಕಳು, ಎಲ್ಲರೂ ಮಳೆಯಲ್ಲಿ ಒತ್ತೊತ್ತಾಗಿ ನಿಂತಿದ್ದಾರೆ. ಅವಳು ಕಂಬಕ್ಕೆ ಬೆನ್ನು ಕೊಟ್ಟು ರಸ್ತೆಯ ಕಡೆ ಮುಖ ಮಾಡುತ್ತಾಳೆ. ಪಕ್ಕದ ಹುಡುಗಿಗೆ ತಾನಾಗಿಯೇ ಹೇಳುತ್ತಾಳೆ: "ಇದರಲ್ಲಿ ಕ್ಯಾಮೆರಾ ಇದೆ, ಬಸ್ ಬೋರ್ಡ್ ಓದಕ್ಕೆ. ನಿಮ್ಮ ಫೋಟೋ ತೆಗೀತಿಲ್ಲ." ಆ ಹುಡುಗಿ ದುಪಟ್ಟಾ ಸರಿಮಾಡಿಕೊಂಡು, ತಲೆದೂಗಿ, ಅದು ಇವಳಿಗೆ ಕಾಣದೆಂದು ಹೊಳೆದು, "ಪರವಾಗಿಲ್ಲ" ಎಂದು ಬಾಯಿಬಿಟ್ಟು ಹೇಳುತ್ತಾಳೆ.

ಬಸ್ಸು ಬರುವವರೆಗೆ ಈ ಕನ್ನಡಕದ ಹಿಂದಿನ ಕಥೆ ಕೇಳಿ. 1968ರಲ್ಲಿ ಅಮೆರಿಕದ ಐವನ್ ಸದರ್‌ಲ್ಯಾಂಡ್ ತಲೆಗೆ ಧರಿಸುವ ಮೊದಲ ಕಂಪ್ಯೂಟರ್ ಪರದೆಗಳಲ್ಲೊಂದನ್ನು ಕಟ್ಟಿದರು. ಅದನ್ನು ಚಾವಣಿಗೆ ತೂಗುಹಾಕಿದ್ದರು. ಹಾಕಿಕೊಂಡವರಿಗೆ ಎದುರಿನ ಕೋಣೆಯೊಳಗೆ ಗೆರೆಗಳಿಂದಾದ ಆಕೃತಿಯೊಂದು ತೇಲುವಂತೆ ಕಾಣುತ್ತಿತ್ತು. 1990ರ ದಶಕದ ಆರಂಭದಲ್ಲಿ ಬೋಯಿಂಗ್ ವಿಮಾನ ಕಂಪನಿಯ ಟಾಮ್ ಕಾಡೆಲ್ ಮತ್ತು ಡೇವಿಡ್ ಮಿಝೆಲ್, ವಿಮಾನದೊಳಗಿನ ತಂತಿಗಳನ್ನು ಜೋಡಿಸುವ ಕೆಲಸಗಾರರಿಗೆ ಯಾವ ತಂತಿ ಎಲ್ಲಿ ಹೋಗಬೇಕೆಂದು ಕಣ್ಣೆದುರಿಗೇ ತೋರಿಸುವ ಯೋಚನೆ ಮುಂದಿಟ್ಟರು. ಹೀಗೆ ಎದುರಿನ ನೋಟದ ಮೇಲೆ ಮಾಹಿತಿ ಕೂರಿಸುವುದಕ್ಕೆ ಆಗ್ಮೆಂಟೆಡ್ ರಿಯಾಲಿಟಿ ಎಂಬ ಹೆಸರು ಬಂದದ್ದು ಅಲ್ಲಿಂದ. 2013ರಲ್ಲಿ ಗೂಗಲ್ 1,500 ಡಾಲರಿನ 'ಗ್ಲಾಸ್' ಎಂಬ ಕನ್ನಡಕ ತಂದಿತು. ಎದುರಿಗಿದ್ದವರಿಗೆ ತಮ್ಮನ್ನು ಚಿತ್ರೀಕರಿಸುತ್ತಿದ್ದಾರೋ ಏನೋ ಎಂಬ ಅನುಮಾನ. ಜನಸಾಮಾನ್ಯರಿಗೆ ಮಾರುವುದನ್ನು 2015ರ ಜನವರಿಯಲ್ಲಿ ನಿಲ್ಲಿಸಿದರು. ಮೈಕ್ರೋಸಾಫ್ಟ್‌ನ ಹೋಲೋಲೆನ್ಸ್ ಎಂಬ ಇಂಥದೇ ಉಪಕರಣ 2016ರಲ್ಲಿ ಬಂತು, 2024ರಲ್ಲಿ ತಯಾರಿಕೆ ನಿಂತಿತು. ನಮ್ಮ ಬೆಂಗಳೂರಿನ ಟೈಟನ್ 2022ರಲ್ಲಿ ಐ ಎಕ್ಸ್ ಎಂಬ ಸ್ಮಾರ್ಟ್ ಕನ್ನಡಕ ಹೊರತಂದಿತು. 2025ರ ಮೇ ತಿಂಗಳಲ್ಲಿ ಮೆಟಾ ಕಂಪನಿಯ ರೇಬ್ಯಾನ್ ಕನ್ನಡಕ ಭಾರತಕ್ಕೆ ಬಂದಾಗ ಬೆಲೆ 29,900 ರೂಪಾಯಿಯಿಂದ ಆರಂಭವಾಗಿತ್ತು.

ಚೆನ್ನಾಗಿ ಕಣ್ಣು ಕಾಣುವವರಿಗೆ ಇದರ ಅಗತ್ಯವೇನು ಎಂಬ ಪ್ರಶ್ನೆಗೆ ಇವರಲ್ಲಿ ಅನೇಕರು ಇನ್ನೂ ಉತ್ತರ ಹುಡುಕುತ್ತಿದ್ದಾರೆ. ಈ ಬಸ್ ಸ್ಟಾಪಿನ ಕಂಬಕ್ಕೆ ಒರಗಿ ನಿಂತವಳಿಗೆ ಆ ಪ್ರಶ್ನೆಯೇ ಇಲ್ಲ. ಬೆಂಗಳೂರಿನ ಎಸ್‌ಎಚ್‌ಜಿ ಟೆಕ್ನಾಲಜೀಸ್ ಕಣ್ಣು ಕಾಣದವರಿಗೆಂದೇ ಸ್ಮಾರ್ಟ್ ವಿಷನ್ ಕನ್ನಡಕ ರೂಪಿಸಿದೆ. ಓದಿ ಹೇಳುವುದು, ಪರಿಚಿತರ ಮುಖ ಗುರುತಿಸುವುದು, ಸುತ್ತ ಏನಿದೆ ಎನ್ನುವುದು, ನಡೆಯುವಾಗ ಎಚ್ಚರಿಸುವುದು ಅದರ ಕೆಲಸ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ದೃಷ್ಟಿದೋಷವುಳ್ಳವರು ಸುಮಾರು 50 ಲಕ್ಷ. ಈ ಉಪಕರಣಕ್ಕೆ ಎಲ್ಲರಿಗಿಂತ ಮೊದಲು ಅರ್ಥ ಕೊಡುವವರು ಅವರು.

ದೂರದಿಂದ ಹಾರ್ನ್. ಅವಳ ಕುತ್ತಿಗೆ ತಿರುಗುತ್ತದೆ.

"ಸಿಟಿ ಬಸ್ಸು" ಅನ್ನುತ್ತಾಳೆ. ಎಂಜಿನ್ನಿನ ದನಿಯಿಂದಲೇ ತಿಳಿಯಿತು. ಯಾವ ಮಾರ್ಗದ್ದು ಎಂಬುದನ್ನು ಎಂಜಿನ್ ಹೇಳುವುದಿಲ್ಲ. ಬಸ್ಸು ನಿಲ್ಲುತ್ತದೆ. ಬಾಗಿಲ ಪಕ್ಕ ಪೇಂಟರ್ ಕೈಯಲ್ಲಿ ಬರೆಸಿದ ಬೋರ್ಡು, ನೀಲಿಯ ಮೇಲೆ ಹಳದಿ ಅಕ್ಷರ, ಮೇಲಿಂದ ಇಳಿಯುತ್ತಿರುವ ನೀರು. ಅವಳು ಗುಂಡಿ ಒತ್ತುತ್ತಾಳೆ. ಚಿತ್ರ ಫೋನಿಗೆ, ಫೋನಿನಿಂದ ನೆಟ್‌ವರ್ಕ್ ದಾಟಿ ಎಲ್ಲೋ ಇರುವ ಸರ್ವರಿಗೆ. ಮಳೆಯಲ್ಲಿ ಸಿಗ್ನಲ್ ಕ್ಷೀಣ. ಒಂದು, ಎರಡು, ಮೂರು, ನಾಲ್ಕು ಕ್ಷಣ. ಹುಡುಗರು ಹತ್ತುತ್ತಿದ್ದಾರೆ.

"ದುಗಿ ಒಂಬತ್ತು ಗುಡಿ" ಎನ್ನುತ್ತದೆ ಕನ್ನಡಕ.

"ದುರ್ಗಿಗುಡಿ!" ಅವಳು ಥಟ್ಟನೆ ತಿದ್ದುತ್ತಾಳೆ.

ಬೋರ್ಡನ್ನು ನೀವೇ ನೋಡಿ. ಪೇಂಟರ್ ಹಳೆಯ ರೂಢಿಯಂತೆ 'ದುಗಿ' ಬರೆದು ಅದರ ಬಲಕ್ಕೆ ಅರ್ಕಾವೊತ್ತು ಎಳೆದಿದ್ದಾನೆ. ಕನ್ನಡದ ಒಂಬತ್ತರ ಅಂಕಿಗೂ ಅರ್ಕಾವೊತ್ತಿಗೂ ಆಕಾರ ಹೆಚ್ಚುಕಡಿಮೆ ಒಂದೇ. ಅರ್ಕಾವೊತ್ತನ್ನು ಬರೆಯುವುದು ಅಕ್ಷರದ ನಂತರ, ಓದುವುದು ಅಕ್ಷರಕ್ಕಿಂತ ಮೊದಲು. ಒಂದನೇ ತರಗತಿ ದಾಟಿದ ಕನ್ನಡದ ಮಗುವಿಗೆ ಇದು ಯೋಚಿಸಬೇಕಾದ ಸಂಗತಿಯೇ ಅಲ್ಲ. ಯಂತ್ರಕ್ಕೆ ಇದನ್ನು ಬೇರೆಯಾಗಿ ಕಲಿಸಬೇಕು. ಸೊನ್ನೆಯ ಅಂಕಿಯೂ ಅನುಸ್ವಾರವೂ ನೋಡಲು ಒಂದೇ ಎಂದು ಕಲಿಸಬೇಕು. ಒತ್ತಕ್ಷರಗಳು ಕೆಳಗಿಳಿದು ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ. ಎರಡು ಸಾಲನ್ನು ಬಿಡಿಸಿ ಓದಲು ಕಲಿಸಬೇಕು. ಪ, ಫ, ಷ, ಘ ಅಕ್ಷರಗಳ ನಡುವಿನ ಸಣ್ಣ ಗೆರೆ, ಸೀಳು ಒಂದು ಮಳೆಹನಿಯಲ್ಲಿ ಕರಗಿಹೋಗುತ್ತವೆ.

ಈ ಕೆಲಸ ಕನ್ನಡದಲ್ಲಿ ನಡೆದೇ ಇಲ್ಲವೆಂದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಎ. ಜಿ. ರಾಮಕೃಷ್ಣನ್ ಮತ್ತು ಎಚ್. ಆರ್. ಶಿವಕುಮಾರ್ ರೂಪಿಸಿದ 'ಲಿಪಿ ಜ್ಞಾನಿ' ಕನ್ನಡದ ಮುದ್ರಿತ ಪುಟವನ್ನು ಪಠ್ಯವಾಗಿ ಬದಲಿಸುತ್ತದೆ. ಕನ್ನಡ ಲಿಪಿಯಲ್ಲಿ ಅಚ್ಚಾದ ಸಂಸ್ಕೃತ, ತುಳು, ಕೊಂಕಣಿಯನ್ನೂ ಗಮನದಲ್ಲಿಟ್ಟು ಅದನ್ನು ಕಟ್ಟಿದ್ದಾರೆ. ಪಠ್ಯ ಸಿಕ್ಕರೆ ಅದನ್ನು ದನಿಯಾಗಿಸಬಹುದು, ಬ್ರೈಲ್ ಮಾಡಬಹುದು. ಅದು ಪುಸ್ತಕದ ಲೋಕ. ಅಲ್ಲಿ ಪುಟ ಚಪ್ಪಟೆ, ಬೆಳಕು ಸಮ, ಅಕ್ಷರ ಅಚ್ಚಿನದು. ಸವಳಂಗ ರಸ್ತೆಯ ಬಸ್ಸಿನ ಬೋರ್ಡಿಗೆ ಒಬ್ಬೊಬ್ಬ ಪೇಂಟರನದು ಒಂದೊಂದು ಕೈ. ಒಬ್ಬರ 'ಶಿ' ಬಳ್ಳಿಯಾಗಿ ಹಬ್ಬಿದರೆ ಇನ್ನೊಬ್ಬರದು ಪೆಟ್ಟಿಗೆಯೊಳಗೆ ಕೂರುತ್ತದೆ. ಯಂತ್ರ ಕಲಿಯಬೇಕಾದರೆ ಇಂಥ ಸಾವಿರಾರು ಬೋರ್ಡುಗಳ ಚಿತ್ರ ಬೇಕು. ಪ್ರತಿಯೊಂದರ ಕೆಳಗೆ ಸರಿಯಾದ ಓದನ್ನು ಕನ್ನಡ ಬಲ್ಲವರೊಬ್ಬರು ಬರೆದುಕೊಡಬೇಕು.

ಅಷ್ಟರಲ್ಲಿ ಕಂಡಕ್ಟರ್ ಕೆಳಗಿಳಿದಿದ್ದಾನೆ. "ದುರ್ಗಿಗುಡಿ, ಗೋಪಿ ಸರ್ಕಲ್, ಬಸ್ ಸ್ಟ್ಯಾಂಡ್, ಬಸ್ ಸ್ಟ್ಯಾಂಡ್!" ಒಂದೇ ಉಸಿರಿಗೆ ಕೂಗಿ, ಕೋಲು ನೋಡಿ, "ಬಾರಮ್ಮ, ಎಲ್ಲಿಗೆ?" ಎನ್ನುತ್ತಾನೆ. ತೋಳು ಹಿಡಿದು ಎಳೆಯುವುದಿಲ್ಲ. ಬಾಗಿಲ ಕಂಬಿಯನ್ನು ಟಿಕೆಟ್ ಪಂಚಿನಿಂದ ಎರಡು ಸಲ ಕುಟ್ಟುತ್ತಾನೆ. ಸದ್ದು ಬಂದಲ್ಲಿಗೆ ಅವಳ ಕೈ ನೇರ ಹೋಗಿ ಕಂಬಿ ಹಿಡಿಯುತ್ತದೆ. ಕಾಲು ಮೆಟ್ಟಿಲು ಹುಡುಕಿಕೊಳ್ಳುತ್ತದೆ. ಕಣ್ಣಿಲ್ಲದವರಿಗೆ ನೆರವಾಗುವುದು ಹೇಗೆಂದು ಅವನಿಗೆ ಯಾರು ಕಲಿಸಿದರೋ, ಕನ್ನಡಕ ಮಾಡುವವರು ಅವನ ಬಳಿ ಒಂದು ದಿನ ಕೂರಬೇಕು. ಎಲ್ಲಿದೆ ಎಂಬುದಷ್ಟನ್ನೇ ತೋರಿಸಿದ. ಹತ್ತುವುದನ್ನು ಅವಳಿಗೆ ಬಿಟ್ಟ.

ಮಧ್ಯಾಹ್ನಕ್ಕೆ ಮಳೆ ಹೊಳವಾಯಿತು. ಸಂಜೆ ಐದರ ಹೊತ್ತಿಗೆ ನಮ್ಮ ಅಡ್ಡರಸ್ತೆಯ ಕಾಂಕ್ರೀಟು ಒಣಗಿದೆ. ಅವಳು ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟು, ಕಾಂಪೌಂಡಿನ ಮೇಲೆ ಇಡುತ್ತಾಳೆ. ಕೈಗೆ ಬ್ಯಾಟು ತೆಗೆದುಕೊಳ್ಳುತ್ತಾಳೆ. ಹದಿಮೂರರ ತಮ್ಮ, ಚಿಕ್ಕಮ್ಮನ ಮಗ, ಆ ತುದಿಯಲ್ಲಿ ಬಿಳಿ ಪ್ಲಾಸ್ಟಿಕ್ ಚೆಂಡು ಹಿಡಿದು ನಿಂತಿದ್ದಾನೆ. ಚೆಂಡಿನೊಳಗೆ ಉಕ್ಕಿನ ಸಣ್ಣ ಗುಂಡುಗಳಿವೆ. ಅಲುಗಾಡಿಸಿದರೆ ಝಲ್ಲೆನ್ನುತ್ತದೆ.

"ರೆಡಿ?" ತಮ್ಮ ಕೂಗುತ್ತಾನೆ.

ಅವಳು ಉತ್ತರಿಸುವುದಿಲ್ಲ. ಮುಖ್ಯರಸ್ತೆಯಲ್ಲಿ ಲಾರಿಯೊಂದು ಹೋಗುತ್ತಿದೆ. ಅದು ದೂರವಾಗುವವರೆಗೆ ಕಾಯುತ್ತಾಳೆ. ತಮ್ಮನೂ ಕಾಯುತ್ತಾನೆ.

"ಯೆಸ್."

"ಪ್ಲೇ!"

ಕೈ ಕೆಳಗಿನಿಂದ ಬಿಟ್ಟ ಚೆಂಡು ಕಾಂಕ್ರೀಟಿನ ಮೇಲೆ ಝಣಝಣ ಉರುಳಿ ಬರುತ್ತದೆ. ಅವಳು ಎಡ ಮೊಣಕಾಲು ನೆಲಕ್ಕೂರಿ, ಬ್ಯಾಟನ್ನು ನೆಲಕ್ಕೆ ಅಡ್ಡವಾಗಿ ಬೀಸುತ್ತಾಳೆ. ಟಕ್. ಚೆಂಡು ಝಲಝಲ ಸದ್ದು ಮಾಡುತ್ತಾ ಎದುರು ಮನೆಯ, ಅಂದರೆ ನಮ್ಮ ಮನೆಯ ಗೇಟಿಗೆ ಬಡಿಯುತ್ತದೆ.

"ಫೋರ್ ಕಣೋ!"

ಈ ಆಟಕ್ಕೂ ನಮ್ಮ ಜಿಲ್ಲೆಗೂ ಹಳೆಯ ನಂಟು. ಶಿವಮೊಗ್ಗ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿದ ಶೇಖರ್ ನಾಯಕ್ ಶಿವಮೊಗ್ಗದ ಶಾರದಾದೇವಿ ಅಂಧರ ಶಾಲೆಯಲ್ಲಿ ಇಂಥದೇ ಸದ್ದಿನ ಚೆಂಡಿನಲ್ಲಿ ಕ್ರಿಕೆಟ್ ಕಲಿತರು. 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಮೊದಲ ಟಿ20 ವಿಶ್ವಕಪ್ ಫೈನಲಿನಲ್ಲಿ ಪಾಕಿಸ್ತಾನವನ್ನು ಸೋಲಿಸಿದ ಭಾರತ ತಂಡಕ್ಕೆ ಅವರೇ ನಾಯಕ. 2014ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ವಿಶ್ವಕಪ್ ಗೆದ್ದಾಗಲೂ ಅವರೇ. 2017ರಲ್ಲಿ ಪದ್ಮಶ್ರೀ ಬಂತು. ಮಹಿಳೆಯರಿಗಾಗಿ ಮೊದಲ ಬಾರಿಗೆ ಅಂಧರ ಟಿ20 ವಿಶ್ವಕಪ್ ನಡೆದದ್ದು 2025ರ ನವೆಂಬರಿನಲ್ಲಿ. ಕೊಲಂಬೊದಲ್ಲಿ ನೇಪಾಳವನ್ನು ಮಣಿಸಿ ಕಪ್ ಎತ್ತಿದ ಭಾರತ ತಂಡವನ್ನು ಮುನ್ನಡೆಸಿದವರು ಕರ್ನಾಟಕದ ಟಿ. ಸಿ. ದೀಪಿಕಾ. ಆ ಫೈನಲಿನ ಕಾಮೆಂಟರಿ ಬಂದ ದಿನ ಎದುರು ಮನೆಯ ರೇಡಿಯೊ ದನಿ ನಮ್ಮ ಅಡುಗೆಮನೆಯವರೆಗೂ ಕೇಳುತ್ತಿತ್ತು.

ಆಟದ ನಿಯಮವನ್ನು ಇನ್ನೊಮ್ಮೆ ಗಮನಿಸಿ. ಬೌಲರ್ ಕೇಳಬೇಕು. ಬ್ಯಾಟುಗಾರ್ತಿ ಒಪ್ಪಬೇಕು. ಚೆಂಡು ಬಿಡುವಾಗ ಕೂಗಿ ಹೇಳಬೇಕು. ಅಲ್ಲಿಂದ ಮುಂದೆ ಚೆಂಡು ತಾನೆಲ್ಲಿದ್ದೇನೆ ಎಂಬುದೊಂದನ್ನೇ ಹೇಳುತ್ತದೆ. ಅದು ಔಟ್ ಸ್ವಿಂಗೋ, ಹೇಗೆ ಹೊಡೆಯಬೇಕೋ, ಗಿಡ ಎಲ್ಲಿದೆಯೋ ಏನನ್ನೂ ಹೇಳುವುದಿಲ್ಲ. ಉಳಿದವರೆಲ್ಲ ಆ ಗಳಿಗೆಯಲ್ಲಿ ಬಾಯಿ ಮುಚ್ಚಿರುತ್ತಾರೆ, ಏಕೆಂದರೆ ಕಿವಿ ಆಡುತ್ತಿದೆ. ಬ್ಯಾಟರಿ, ಕ್ಯಾಮೆರಾ, ಸರ್ವರ್ ಏನೂ ಇಲ್ಲದ ಈ ಚೆಂಡು ಕಣ್ಣು ಕಾಣದವರಿಗೆಂದು ಮಾಡಿದ ಉಪಕರಣಗಳಲ್ಲಿ ನಾನು ಕಂಡ ಅತ್ಯಂತ ವಿವೇಕದ ಉಪಕರಣ. ಇದನ್ನು ಆಡಿಕೊಂಡು ಬೆಳೆದವರು ಕಿವಿಗೆ ಏನು ಬೇಕು, ಯಾವಾಗ ಬೇಕು ಎಂಬುದನ್ನು ಮೈದಾನದಲ್ಲಿ ಪರೀಕ್ಷಿಸಿ ಪಳಗಿದವರು. ಸ್ಮಾರ್ಟ್ ಕನ್ನಡಕ ವಿನ್ಯಾಸ ಮಾಡುವ ಮೇಜಿನ ಸುತ್ತ ಮೊದಲ ಕುರ್ಚಿ ಅವರಿಗೆ ಸಲ್ಲಬೇಕು.

ಹಾಗೆ ಅವರು ಕೂತರೆ ಕನ್ನಡಕ ಹೇಗಿರುತ್ತಿತ್ತು? ಹೊರಟಾಗ ಸುಮ್ಮನಿರುತ್ತಿತ್ತು. ಹಣೆಗೆ ಬಡಿಯುವಂಥದು ಬಂದರೆ ಮಾತ್ರ ಟಿಕ್ ಎನ್ನುತ್ತಿತ್ತು. ಉಳಿದದ್ದನ್ನು ಕೇಳಿದಾಗ, ಎರಡು ಪದದಲ್ಲಿ ಹೇಳುತ್ತಿತ್ತು. ಹನಿ ಬಿದ್ದ ಬೋರ್ಡನ್ನು ಓದಲಾಗದಿದ್ದರೆ ಊಹಿಸಿ ಊರ ಹೆಸರು ಕಟ್ಟುವ ಬದಲು "ಸ್ಪಷ್ಟವಾಗಿಲ್ಲ" ಎಂದುಬಿಡುತ್ತಿತ್ತು. ತಪ್ಪು ಬಸ್ಸು ಹತ್ತುವುದಕ್ಕಿಂತ ಕಂಡಕ್ಟರನ್ನು ಕೇಳುವುದು ಮೇಲು. ಮಾತ್ರೆಯ ಹೆಸರು ತಪ್ಪು ಕೇಳುವುದಕ್ಕಿಂತ ಮನೆಯವರನ್ನು ಕೂಗುವುದು ಮೇಲು. ಯಂತ್ರದ ಯಾವ ಮಾತನ್ನು ನಂಬಬಹುದು ಎಂದು ತಿಳಿದಿರುವವರಿಗೆ ಮಾತ್ರ ಅದು ಊರುಗೋಲಾಗುತ್ತದೆ. ನೆಟ್‌ವರ್ಕ್ ಇಲ್ಲದಾಗಲೂ ಫೋನಿನೊಳಗೇ ಕನ್ನಡ ಓದುವಷ್ಟು ಶಕ್ತಿ ಅದಕ್ಕಿರುತ್ತಿತ್ತು, ಏಕೆಂದರೆ ಬಸ್ಸು ಸರ್ವರಿಗಾಗಿ ಕಾಯುವುದಿಲ್ಲ. ತೆಗೆದ ಚಿತ್ರ ಎಲ್ಲಿಗೆ ಹೋಯಿತು, ಉಳಿಯಿತೋ ಅಳಿಯಿತೋ ಎಂಬುದು ಅವಳಿಗೂ ಪಕ್ಕದಲ್ಲಿ ನಿಂತ ದುಪಟ್ಟಾದ ಹುಡುಗಿಗೂ ತಿಳಿಯುತ್ತಿತ್ತು. ದೇಶದಲ್ಲಿ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂದಿದೆ. ಅದರ ಆಶಯ ಬಸ್ ಸ್ಟಾಪಿನವರೆಗೆ ಇಳಿದುಬರಬೇಕು.

ಇದರಲ್ಲಿ ಬೆಂಗಳೂರು, ಅಮೆರಿಕ ಮಾಡಬೇಕಾದದ್ದು ಇರಬಹುದು. ನವುಲೆಯೇ ಮಾಡಬಹುದಾದದ್ದೂ ಇದೆ. ಬಸ್ ಸ್ಟಾಪಿಗೆ ಮಾರುದೂರದಲ್ಲಿ ಎಂಜಿನಿಯರಿಂಗ್ ಕಾಲೇಜಿದೆ. ಪ್ರತಿ ವರ್ಷ ಕೊನೆಯ ವರ್ಷದ ಮಕ್ಕಳು ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಾರೆ. ಶಿವಮೊಗ್ಗದಿಂದ ಸವಳಂಗ, ಹೊನ್ನಾಳಿ, ಶಿಕಾರಿಪುರದವರೆಗೆ, ಇತ್ತ ಭದ್ರಾವತಿಯವರೆಗೆ ಓಡಾಡುವ ಬಸ್ಸುಗಳ ಬೋರ್ಡುಗಳನ್ನು ಬಿಸಿಲಲ್ಲಿ, ಮಳೆಯಲ್ಲಿ, ಸಂಜೆಗತ್ತಲಲ್ಲಿ ಫೋಟೋ ತೆಗೆದು, ಪ್ರತಿಯೊಂದಕ್ಕೂ ಸರಿಯಾದ ಓದು ಬರೆದು, ಯಾರು ಬೇಕಾದರೂ ಬಳಸುವಂತೆ ಬಿಟ್ಟುಕೊಡಲಿ. ಪ್ರಯೋಗಕ್ಕೆ ಅಂಧರ ಶಾಲೆಯ ಮಕ್ಕಳನ್ನು, ಕ್ರಿಕೆಟ್ ಆಡುವವರನ್ನು ಕರೆಯಲಿ. ಅವರಿಗೆ ಅದಕ್ಕಾಗಿ ಸಂಭಾವನೆ ಕೊಡಲಿ. ಯಾವ ಕಂಪನಿಯ ಕನ್ನಡಕವಾದರೂ ಆಗಲಿ, ಆ ಸಂಗ್ರಹದಿಂದ ಕಲಿತರೆ ಅರ್ಕಾವೊತ್ತನ್ನು ಒಂಬತ್ತೆಂದು ಓದುವುದಿಲ್ಲ.

ನಗರದ ಆಡಳಿತ ಮಾಡಬೇಕಾದ ಕೆಲಸಕ್ಕೆ ಯಾವ ಕೃತಕ ಬುದ್ಧಿಯೂ ಬೇಕಾಗಿಲ್ಲ. ಚರಂಡಿಗೆ ಚಪ್ಪಡಿ, ನಡೆಯುವವರಿಗೆ ಒಡೆಯದ ಫುಟ್‌ಪಾತು, ಬಸ್ ಬೋರ್ಡಿಗೆ ದಪ್ಪ ಅಕ್ಷರ, ಸ್ಟಾಪಿನಲ್ಲಿ ಮಾರ್ಗ ಕೂಗಿ ಹೇಳುವ ವ್ಯವಸ್ಥೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ದಯೆಯ ಮಾತಾಗಿ ಇಟ್ಟಿಲ್ಲ, ಹಕ್ಕಾಗಿ ಬರೆದಿದೆ. ಮೂವತ್ತು ಸಾವಿರದ ಕನ್ನಡಕ ಹಾಕಿಕೊಂಡವಳೂ ಒಂದು ಚಪ್ಪಡಿ ಕಲ್ಲಿಲ್ಲದ ಕಡೆ ಬೀಳುವಂತಿದ್ದರೆ ಆ ಕನ್ನಡಕಕ್ಕೆ ಅರ್ಥವಿಲ್ಲ.

ಮುಂದಿನ ತಿಂಗಳು ಅವಳ ಪರೀಕ್ಷೆ. ಉತ್ತರ ಬರೆಯಲು ಸಹಾಯಕರನ್ನು ಪಡೆಯುವ ಹಕ್ಕಿದೆ, ಕೇಂದ್ರಕ್ಕೆ ಹೋಗಲು ಬಸ್ಸಿದೆ. ಯಾರಾದರೂ ಜೊತೆಗೆ ಬರಲೇ ಎಂದು ಕೇಳಿದರೆ "ಬೇಕಾದ್ರೆ ಕರೀತೀನಿ" ಅನ್ನುತ್ತಾಳೆ. ಕನ್ನಡಕ ಕಟ್ಟುವವರು, ರಸ್ತೆ ಕಟ್ಟುವವರು, ಎದುರು ಮನೆಯ ನಾವು, ಎಲ್ಲರೂ ಕಲಿಯಬೇಕಾದದ್ದು ಆ ಕರೆ ಬಂದಾಗ ತಕ್ಷಣ ಸಿಗುವುದನ್ನು, ಬಾರದಿದ್ದಾಗ ದಾರಿ ಬಿಡುವುದನ್ನು.